ಕುಡಿತ ಬಿಟ್ಟ ಮೂರನೆಯ ದಿನ

ಕುಡಿದು ಕುಡಿದು ಸತ್ತವರನ್ನು ಎಲ್ಲರೂ ನೋಡಿದ್ದಾರೆ. ಕುಡಿತವನ್ನು ಒಮ್ಮೆಲೇ ಬಿಟ್ಟು ಸಾಯುವವರೂ ಇದ್ದಾರೆ ಎಂದರೆ ಮಾತ್ರ ಬಹಳ ಮಂದಿ ನಂಬುವುದಿಲ್ಲ. ಧಾರವಾಡ, ಗದಗ, ಹಾವೇರಿ ಸೀಮೆಯ ಊರುಗಳಲ್ಲಿ ಕುಡುಕನನ್ನು ದಾರಿಗೆ ತರುವ ಕ್ರಮ ಹಿಂದಿನಿಂದಲೂ ಹೆಚ್ಚುಕಡಿಮೆ ಒಂದೇ. ಹಿರಿಯರನ್ನು ಕೂಡಿಸಿ ಬುದ್ಧಿ ಹೇಳಿಸುವುದು, ಮನೆದೇವರ ಮುಂದೆ ನಿಲ್ಲಿಸಿ ಆಣೆ ಮಾಡಿಸುವುದು, ಅದಕ್ಕೂ ಬಗ್ಗದಿದ್ದರೆ ಪಂಢರಪುರಕ್ಕೆ ಕರೆದೊಯ್ದು ಕೊರಳಿಗೆ ತುಳಸಿ ಮಾಲೆ ಹಾಕಿಸುವುದು. ಇದನ್ನು ಹಳಿಯುವ ಉದ್ದೇಶ ನನಗಿಲ್ಲ. ಮಾಲೆ ಹಾಕಿಕೊಂಡ ಮೇಲೆ ಹನಿಯನ್ನೂ ಮುಟ್ಟದೆ ಬಾಳಿದವರು ಊರಿಗೊಬ್ಬರಾದರೂ ಸಿಗುತ್ತಾರೆ. ಆದರೆ ಹತ್ತು ಹದಿನೈದು ವರ್ಷ ದಿನವೂ ಕುಡಿದವನು ಸೋಮವಾರ ಆಣೆ ಮಾಡಿ, ಗುರುವಾರ ರಾತ್ರಿ ಗೋಡೆಯ ಮೇಲೆ ಹಾವುಗಳು ಹರಿದಾಡುತ್ತಿವೆ ಎಂದು ಕಿರುಚತೊಡಗಿದರೆ ಮನೆಯವರು ಏನೆಂದು ತಿಳಿಯುತ್ತಾರೆ? ಗಾಳಿ ಸೋಕಿದೆ ಎನ್ನುತ್ತಾರೆ. ಕದ್ದು ಕುಡಿದು ಆಣೆ ಮುರಿದಿರಬೇಕು, ದೇವರು ಮುನಿದಿದ್ದಾನೆ ಎನ್ನುತ್ತಾರೆ. ತಾಯಿತ ಕಟ್ಟಿಸಲು ಓಡುತ್ತಾರೆ. ನಿಜವಾಗಿ ಆತ ಆಣೆಯನ್ನು ಪಾಲಿಸಿದ್ದಾನೆ, ಪಾಲಿಸಿದ್ದರಿಂದಲೇ ಹಾಗಾಗಿದೆ. ಆ ಹೊತ್ತಿನಲ್ಲಿ ಅವನು ಆಸ್ಪತ್ರೆಯ ಹಾಸಿಗೆಯ ಮೇಲೆ ಇರಬೇಕಾಗಿತ್ತು.

ಪ್ರತಿಯೊಂದು ಅಮಲಿಗೂ ಅದರದೇ ಆದ ಅಪಾಯದ ಗಳಿಗೆಯಿದೆ. ಒಂದರಲ್ಲಿ ಅದು ಸೇವಿಸಿದಾಗ ಬರುತ್ತದೆ, ಇನ್ನೊಂದರಲ್ಲಿ ಬಿಟ್ಟಾಗ, ಮತ್ತೊಂದರಲ್ಲಿ ಬಿಟ್ಟು ಮತ್ತೆ ಹಿಡಿದಾಗ. ಶಾಲೆಯ ಗೋಡೆಗಳ ಮೇಲೆ ಬಾಟಲಿಯ ಪಕ್ಕ ತಲೆಬುರುಡೆ ಬಿಡಿಸಿ ಕುಡಿತ ಕೇಡು ಎಂದು ಬರೆಸುವವರು ಈ ಗಳಿಗೆ ಯಾವುದೆಂದು ಹೇಳುವುದಿಲ್ಲ. ಚಟಕ್ಕೆ ಬಿದ್ದವನಿಗೂ ಅವನ ಮನೆಯವರಿಗೂ ಬೇಕಾಗಿರುವುದು ಅದೇ.

ಮದ್ಯದಿಂದ ಆರಂಭಿಸೋಣ. ನಮ್ಮ ಕಡೆ ಮನೆಗಳನ್ನು ಹಾಳು ಮಾಡಿದ್ದರಲ್ಲಿ ಅದರದೇ ಸಿಂಹಪಾಲು. ಮಿದುಳಿನಲ್ಲಿ ಒಂದು ಕೋಶದಿಂದ ಇನ್ನೊಂದಕ್ಕೆ ಸಂದೇಶ ಸಾಗಿಸುವ ರಾಸಾಯನಿಕಗಳು ಹತ್ತಾರು ಇವೆ. ಈ ಕಥೆಗೆ ಎರಡು ಸಾಕು. ಗಾಬಾ ಎಂಬುದು ಕೋಶಗಳನ್ನು ಶಾಂತವಾಗಿಸುತ್ತದೆ, ಗ್ಲುಟಮೇಟ್ ಎಂಬುದು ಕೆರಳಿಸುತ್ತದೆ. ಇವೆರಡೂ ಜಾತ್ರೆಯ ಹಗ್ಗಜಗ್ಗಾಟದಲ್ಲಿ ಎದುರುಬದುರು ನಿಂತ ಎರಡು ತಂಡಗಳಂತೆ ಎಂದುಕೊಳ್ಳಿ. ಬಲ ಸಮವಾಗಿದ್ದಾಗ ಹಗ್ಗ ನಡುಗೆರೆಯಲ್ಲೇ ನಿಂತಿರುತ್ತದೆ. ಮದ್ಯ ಒಳಗೆ ಹೋದೊಡನೆ ಗಾಬಾದ ತಂಡಕ್ಕೆ ಹೊರಗಿನಿಂದ ಆಳುಗಳು ಬಂದು ಸೇರುತ್ತಾರೆ. ಅದಕ್ಕೇ ಮೊದಲ ಪೆಗ್ಗಿಗೆ ಮೈ ಹಗುರ, ಮಾತು ಸಲೀಸು. ನಾಲ್ಕನೆಯದಕ್ಕೆ ನಾಲಿಗೆ ತೊದಲು, ಹೆಜ್ಜೆ ತಡವರಿಕೆ. ಮಿತಿ ಮೀರಿದರೆ ಉಸಿರಾಟವನ್ನು ನಡೆಸುವ ಭಾಗವೂ ಮಂಕಾಗಿ ಮನುಷ್ಯ ನಿದ್ದೆಯಲ್ಲೇ ಹೋಗಿಬಿಡಬಹುದು, ಇಲ್ಲವೇ ಪ್ರಜ್ಞೆಯಿಲ್ಲದೆ ವಾಂತಿ ಮಾಡಿಕೊಂಡು ಅದು ಉಸಿರುನಾಳಕ್ಕೆ ಸಿಕ್ಕಿ ಸಾಯಬಹುದು. ಕುಡಿದು ಎಚ್ಚರ ತಪ್ಪಿದವನನ್ನು ಅಂಗಾತ ಮಲಗಿಸಬಾರದು, ಮಗ್ಗುಲಿಗೆ ಹೊರಳಿಸಿ ಮಲಗಿಸಬೇಕು ಎನ್ನುವುದು ಇದಕ್ಕಾಗಿಯೇ.

ದಿನವೂ ಕುಡಿಯುವವನ ಮಿದುಳು ಸುಮ್ಮನೆ ಕೂಡುವುದಿಲ್ಲ. ಎದುರು ತಂಡಕ್ಕೆ ಬಲ ಬಂದಿದೆ ಎಂದು ತಿಳಿದು ತಾನೂ ಗ್ಲುಟಮೇಟ್ ಕಡೆಗೆ ಆಳುಗಳನ್ನು ಸೇರಿಸುತ್ತ ಹೋಗುತ್ತದೆ, ಗಾಬಾಕ್ಕೆ ಓಗೊಡುವುದನ್ನು ಕಡಿಮೆ ಮಾಡುತ್ತದೆ. ಮೊದಲು ಎರಡು ಪೆಗ್ಗಿಗೆ ಏರುತ್ತಿದ್ದ ಅಮಲು ಈಗ ಆರಕ್ಕೂ ಏರುವುದಿಲ್ಲ. ಇವನು ಎಷ್ಟು ಕುಡಿದರೂ ತೂರಾಡುವುದಿಲ್ಲ ಎಂದು ಗೆಳೆಯರು ಮೆಚ್ಚುತ್ತಾರೆ. ಅದು ಮೆಚ್ಚುವ ಸಂಗತಿಯಲ್ಲ, ರೋಗದ ಮೊದಲ ಲಕ್ಷಣ. ವರ್ಷಗಟ್ಟಲೆ ಹೀಗೆ ನಡೆದ ಮೇಲೆ ಒಂದು ದಿನ ಮದ್ಯ ಸಂಪೂರ್ಣವಾಗಿ ನಿಂತರೆ ಹೊರಗಿನಿಂದ ಬಂದಿದ್ದ ಆಳುಗಳೆಲ್ಲ ಒಟ್ಟಿಗೆ ಹಗ್ಗ ಬಿಟ್ಟು ಹೊರಟುಹೋದಂತೆ. ಕೆರಳಿಸುವ ತಂಡ ಮಾತ್ರ ಇಡೀ ಬಲದಿಂದ ಜಗ್ಗುತ್ತಲೇ ಇರುತ್ತದೆ.

ಕೊನೆಯ ಗುಟುಕಿನ ನಂತರ ಆರರಿಂದ ಹನ್ನೆರಡು ಗಂಟೆಗಳಲ್ಲಿ ಮೊದಲ ಲಕ್ಷಣಗಳು ಕಾಣುತ್ತವೆ: ಕೈ ನಡುಕ, ಬೆವರು, ಎದೆ ಬಡಿತ, ಓಕರಿಕೆ, ಕಾರಣವಿಲ್ಲದ ದಿಗಿಲು. ಹುಬ್ಬಳ್ಳಿಯ ಅಮರಗೋಳ ಎಪಿಎಂಸಿಯ ಆಸುಪಾಸಿನ ಚಹಾದಂಗಡಿಗಳ ಮುಂದೆ ಬೆಳಗಿನ ಜಾವ ನಿಂತರೆ ಇದನ್ನು ಕಣ್ಣಾರೆ ನೋಡಬಹುದು. ಕೆಲವರಿಗೆ ಅಂಗಡಿಯವನು ಕೇಳದೆಯೇ ಅರ್ಧ ಲೋಟ ಚಹಾ ಹಾಕುತ್ತಾನೆ, ಪೂರ್ತಿ ಹಾಕಿದರೆ ಚೆಲ್ಲುತ್ತದೆಂದು ಅವನಿಗೆ ಗೊತ್ತು. ಬಂದವನು ಲೋಟವನ್ನು ಎತ್ತುವುದಿಲ್ಲ. ಕಟ್ಟೆಯ ಮೇಲೆ ಇಟ್ಟಿದ್ದಂತೆಯೇ ಬಗ್ಗಿ ಬಾಯಿ ಹಚ್ಚಿ ಮೊದಲ ಗುಟುಕು ಹೀರುತ್ತಾನೆ, ಆಮೇಲೆ ಎರಡೂ ಕೈಯಿಂದ ಹಿಡಿದು ಎತ್ತುತ್ತಾನೆ. ಇದೇ ಮನುಷ್ಯನಿಗೆ ಒಂದು ನೈಂಟಿ ಸಿಕ್ಕರೆ ಅರ್ಧ ಗಂಟೆಯಲ್ಲಿ ಕೈ ನೆಟ್ಟಗಾಗಿ ಮೂಟೆ ಎತ್ತಲು ಹೊರಡುತ್ತಾನೆ. ಬೆಳಿಗ್ಗೆ ಎದ್ದೊಡನೆ ಕುಡಿಯುವವನನ್ನು ಜನ ನಾಚಿಕೆಗೆಟ್ಟವನು ಎನ್ನುತ್ತಾರೆ. ಆ ಹೊತ್ತಿಗೆ ಅವನು ಮೋಜಿಗಾಗಿ ಕುಡಿಯುವ ಹಂತ ದಾಟಿ, ನಡುಕ ನಿಲ್ಲಿಸಿಕೊಳ್ಳಲು ಕುಡಿಯುತ್ತಿರುತ್ತಾನೆ.

ಎರಡನೆಯ ಹಂತ ಫಿಟ್ಸ್. ಬಿಟ್ಟ ಆರು ಗಂಟೆಯಿಂದ ನಲವತ್ತೆಂಟು ಗಂಟೆಯೊಳಗೆ, ಹಿಂದೆಂದೂ ಮೂರ್ಛೆ ರೋಗವಿಲ್ಲದವನಿಗೂ ಬರಬಹುದು. ಮೂರನೆಯದು ಎಲ್ಲಕ್ಕಿಂತ ಘೋರ. ಎರಡು ದಿನ ಕಳೆದ ಮೇಲೆ, ಹೆಚ್ಚಾಗಿ ಮೂರನೆಯ ನಾಲ್ಕನೆಯ ದಿನಕ್ಕೆ ಬರುವ ಈ ಸ್ಥಿತಿಗೆ ವೈದ್ಯರು ಡೆಲಿರಿಯಂ ಟ್ರೆಮೆನ್ಸ್ ಎನ್ನುತ್ತಾರೆ. ರೋಗಿಗೆ ತಾನೆಲ್ಲಿದ್ದೇನೆ, ಈಗ ಹಗಲೋ ರಾತ್ರಿಯೋ ತಿಳಿಯುವುದಿಲ್ಲ. ಹಾಸಿಗೆಯ ಮೇಲೆ ಇರುವೆ, ಗೋಡೆಯ ಮೇಲೆ ಹಾವು ಕಾಣುತ್ತವೆ. ಜ್ವರ ಏರುತ್ತದೆ, ರಕ್ತದೊತ್ತಡ ಏರುತ್ತದೆ. ಇದರಲ್ಲಿ ಇನ್ನೊಂದು ವಿಚಿತ್ರವಿದೆ: ರೋಗಿ ತನ್ನ ದಿನನಿತ್ಯದ ಕಸುಬನ್ನು ಹಾಸಿಗೆಯ ಮೇಲೇ ನಡೆಸುತ್ತಾನೆ. ಚಾಲಕನಾಗಿದ್ದರೆ ಇಲ್ಲದ ಸ್ಟೀರಿಂಗ್ ತಿರುಗಿಸುತ್ತಾನೆ. ಬ್ಯಾಡಗಿ ಮಾರುಕಟ್ಟೆಯ ಹಮಾಲನಾಗಿದ್ದರೆ ಗಾಳಿಯಲ್ಲಿ ಮೆಣಸಿನಕಾಯಿ ಚೀಲ ಎತ್ತಿ ಬೆನ್ನಿಗೆ ಹಾಕಿಕೊಳ್ಳುತ್ತಾನೆ, ಪಕ್ಕದಲ್ಲಿ ಇಲ್ಲದವನ ಹೆಸರು ಹಿಡಿದು ಕೂಗಿ ಆಸರೆ ಕೊಡು ಎನ್ನುತ್ತಾನೆ. ನೋಡುವವರಿಗೆ ಇದು ದೆವ್ವವೆಂದು ತೋರುವುದರಲ್ಲಿ ಆಶ್ಚರ್ಯವಿಲ್ಲ. ಚಿಕಿತ್ಸೆ ಸಿಗದೆ ಹೋದರೆ ಈ ಸ್ಥಿತಿ ತಲುಪಿದ 100 ಜನರಲ್ಲಿ 15ರಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು ಮಂದಿ ಸಾಯುತ್ತಾರೆ. ಚಿಕಿತ್ಸೆ ಸಿಕ್ಕರೆ ಆ ಸಂಖ್ಯೆ 5ಕ್ಕಿಂತ ಕೆಳಗಿಳಿಯುತ್ತದೆ. ಇಷ್ಟು ದೊಡ್ಡ ಅಂತರ ತರುವ ಚಿಕಿತ್ಸೆ ದುಬಾರಿಯದೇನಲ್ಲ: ಲೊರಾಜೆಪಾಮ್, ಡಯಾಜೆಪಾಮ್‌ನಂತಹ ಹಳೆಯ ಔಷಧಿಗಳು, ವಿಟಮಿನ್ ಚುಚ್ಚುಮದ್ದು, ಕಣ್ಣಿಟ್ಟು ನೋಡಿಕೊಳ್ಳುವ ದಾದಿಯರು. ಆ ಔಷಧಿಗಳು ಗಾಬಾದ ತಂಡಕ್ಕೆ ತಾತ್ಕಾಲಿಕವಾಗಿ ಆಳು ಕೊಟ್ಟು, ದಿನಕ್ಕೊಬ್ಬರಂತೆ ಮೆಲ್ಲಗೆ ಹಿಂದಕ್ಕೆ ಕರೆಸಿಕೊಳ್ಳುತ್ತವೆ.

2020ರಲ್ಲಿ ಇದಕ್ಕೆ ಯಾರೂ ಕೇಳದ ಒಂದು ಪುರಾವೆ ಸಿಕ್ಕಿತು. ಕೊರೊನಾ ಲಾಕ್‌ಡೌನ್ ಬಂದು ಮಾರ್ಚ್ ಕೊನೆಯ ವಾರ ರಾಜ್ಯದ ಮದ್ಯದಂಗಡಿಗಳೆಲ್ಲ ರಾತ್ರೋರಾತ್ರಿ ಮುಚ್ಚಿದವು. ಆ ದಿನಗಳಲ್ಲಿ ಬೆಂಗಳೂರಿನ ಆಸ್ಪತ್ರೆಗಳಿಗೆ ಫಿಟ್ಸ್, ಭ್ರಮೆ ಎಂದು ಬಂದ ಮದ್ಯವ್ಯಸನಿಗಳ ಸಂಖ್ಯೆ ಏರಿದ್ದನ್ನು ವೈದ್ಯರು ದಾಖಲಿಸಿದ್ದಾರೆ. ಮೇ 4ಕ್ಕೆ ಅಂಗಡಿ ತೆರೆದಾಗ ಕಿಲೋಮೀಟರುಗಟ್ಟಲೆ ನಿಂತ ಸರದಿಯನ್ನು ಟಿವಿಯವರು ಹಾಸ್ಯ ಕಾರ್ಯಕ್ರಮದಂತೆ ತೋರಿಸಿದರು, ಪೂಜೆ ಮಾಡಿ ತೆಂಗಿನಕಾಯಿ ಒಡೆದವರನ್ನೂ ತೋರಿಸಿದರು. ಅದೇ ಸರದಿಯಲ್ಲಿ ನಡುಗುವ ಕೈಗಳೂ ಇದ್ದವು.

ಲಾಕ್‌ಡೌನ್ ಇಲ್ಲದೆಯೂ ಈ ಅಪಘಾತ ನಡೆಯುವ ಒಂದು ಜಾಗವಿದೆ: ಮೂಳೆ ವಿಭಾಗದ ವಾರ್ಡು. ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡವನನ್ನು ದಾಖಲಿಸುತ್ತಾರೆ. ಕುಡಿಯುತ್ತಾನೆಯೇ ಎಂದು ವೈದ್ಯರು ಕೇಳಿದರೆ ಹೆಂಡತಿ, ಅಣ್ಣ ಇಬ್ಬರೂ ಮುಖ ಮುಖ ನೋಡಿಕೊಂಡು, ಅಪರೂಪಕ್ಕೆ ಹಬ್ಬ ಹುಣ್ಣಿಮೆಗೆ ಎನ್ನುತ್ತಾರೆ. ಮರ್ಯಾದೆಯ ಪ್ರಶ್ನೆ, ಅರ್ಥವಾಗುತ್ತದೆ. ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಗುತ್ತದೆ. ಮೂರನೆಯ ದಿನ ರೋಗಿ ಡ್ರಿಪ್ ಕಿತ್ತೆಸೆದು, ರಾಡ್ ಹಾಕಿದ ಕಾಲನ್ನೇ ಊರಿ ಎದ್ದು ಓಡಲು ನೋಡುತ್ತಾನೆ. ದಿನಕ್ಕೊಂದು ಕ್ವಾರ್ಟರ್ ಎಂಬ ಎರಡು ಮಾತನ್ನು ಮೊದಲ ದಿನವೇ ಹೇಳಿದ್ದರೆ ವೈದ್ಯರು ಅಂದಿನಿಂದಲೇ ಔಷಧಿ ಆರಂಭಿಸುತ್ತಿದ್ದರು. ಆಸ್ಪತ್ರೆಯಲ್ಲಿ ಮುಚ್ಚಿಡಬಾರದ ವಿಷಯ ಒಂದಿದ್ದರೆ ಅದು ಇದು.

ಹಾಗೆಂದು ಕುಡಿಯುವವರೆಲ್ಲರಿಗೂ ಹೀಗಾಗುವುದಿಲ್ಲ. ಹೆಚ್ಚಿನವರು ಎರಡು ದಿನ ನಿದ್ದೆಗೆಟ್ಟು, ಬೆವೆತು ಸುಧಾರಿಸಿಕೊಳ್ಳುತ್ತಾರೆ. ಅಪಾಯ ಹೆಚ್ಚಿರುವುದು ವರ್ಷಗಟ್ಟಲೆ ದಿನವೂ ಕುಡಿದವರಿಗೆ, ಬೆಳಿಗ್ಗೆಯೇ ಕುಡಿಯುವವರಿಗೆ, ಹಿಂದೆ ಬಿಟ್ಟಾಗ ಫಿಟ್ಸ್ ಅಥವಾ ಭ್ರಮೆ ಬಂದವರಿಗೆ. ಇನ್ನೊಂದು ಗುಂಪನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ: ಪ್ರತಿ ಶ್ರಾವಣಕ್ಕೆ ಬಿಟ್ಟು ಶ್ರಾವಣ ಮುಗಿದೊಡನೆ ಹಿಡಿಯುವವರು. ಬೇಕೆಂದಾಗ ಬಿಡುತ್ತೇನೆ, ನನಗೆ ಚಟವಿಲ್ಲ ಎಂಬುದು ಅವರ ವಾದ. ಆದರೆ ವಿಪರೀತ ಕುಡಿದು ಒಮ್ಮೆಲೇ ಬಿಡುವುದು ಮತ್ತೆ ಮತ್ತೆ ನಡೆದಷ್ಟೂ ಮಿದುಳು ಹೆಚ್ಚು ಹೆಚ್ಚು ಕೆರಳುತ್ತದೆ. ಮೊದಲ ವರ್ಷ ನಡುಕವಷ್ಟೇ ಬಂದಿದ್ದವನಿಗೆ ಐದನೆಯ ಶ್ರಾವಣದಲ್ಲಿ ಫಿಟ್ಸ್ ಬಂದರೆ ಅದು ಕಾಕತಾಳೀಯವಲ್ಲ.

ಎಷ್ಟು ಕುಡಿದರೆ ಎಷ್ಟು ಎಂಬ ಲೆಕ್ಕದಲ್ಲೂ ನಮ್ಮಲ್ಲಿ ಬಹಳ ಗೊಂದಲ. ಬಿಯರ್ ಕುಡಿತವಲ್ಲ ಎಂದು ನಂಬಿದವರು ಬಹಳ. ನಮ್ಮ ಅಂಗಡಿಗಳ ವಿಸ್ಕಿ, ರಮ್, ಬ್ರಾಂಡಿಯಲ್ಲಿ ಶೇ 42.8ರಷ್ಟು ಮದ್ಯಸಾರವಿರುತ್ತದೆ. 30 ಮಿಲಿ ಪೆಗ್ಗಿನಲ್ಲಿ ಸುಮಾರು 10 ಗ್ರಾಂ ಶುದ್ಧ ಮದ್ಯಸಾರ. 90 ಮಿಲಿ ಪೊಟ್ಟಣದಲ್ಲಿ 30 ಗ್ರಾಂ, 180 ಮಿಲಿ ಕ್ವಾರ್ಟರಿನಲ್ಲಿ 60 ಗ್ರಾಂ. ಶೇ 8ರ ಸ್ಟ್ರಾಂಗ್ ಬಿಯರಿನ 650 ಮಿಲಿ ಬಾಟಲಿಯಲ್ಲಿ 41 ಗ್ರಾಂ, ಅಂದರೆ ನಾಲ್ಕು ಪೆಗ್ ವಿಸ್ಕಿಗೆ ಸಮ. ಆರೋಗ್ಯವಂತನ ಲಿವರ್ ಗಂಟೆಗೆ ಕರಗಿಸುವುದು ಸುಮಾರು 7ರಿಂದ 10 ಗ್ರಾಂ ಮಾತ್ರ. ರಾತ್ರಿ ಹನ್ನೊಂದಕ್ಕೆ ಎರಡು ಕ್ವಾರ್ಟರ್ ಮುಗಿಸಿ ಮಲಗಿದವನು ಬೆಳಿಗ್ಗೆ ಏಳಕ್ಕೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಟ್ರ್ಯಾಕ್ಟರ್ ಏರಿದರೂ ಅವನ ರಕ್ತದಲ್ಲಿ ಇನ್ನೂ ಮದ್ಯ ಹರಿಯುತ್ತಿರುತ್ತದೆ. ವಾಹನ ಓಡಿಸುವವರಿಗೆ ಕಾನೂನಿನ ಮಿತಿ 100 ಮಿಲಿ ರಕ್ತಕ್ಕೆ 30 ಮಿಲಿಗ್ರಾಂ. ಲಿಂಬು ಶರಬತ್ತು, ಮಜ್ಜಿಗೆ, ತಣ್ಣೀರು ಸ್ನಾನ ಯಾವುದೂ ಲಿವರನ್ನು ಚುರುಕು ಮಾಡುವುದಿಲ್ಲ. ತಲೆನೋವೆಂದು ಪ್ಯಾರಾಸಿಟಮಾಲ್ ಮಾತ್ರೆಗಳನ್ನು ಮೇಲಿಂದ ಮೇಲೆ ನುಂಗುವುದಂತೂ ಆ ಲಿವರಿಗೇ ಇನ್ನೊಂದು ಪೆಟ್ಟು.

2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಪಾಕೀಟು ಹೋಯಿತು, ಅದರ ಜಾಗಕ್ಕೆ ಅಗ್ಗದ ವಿಸ್ಕಿಯ ಪೊಟ್ಟಣ ಬಂತು. ಅಬಕಾರಿಯಿಂದ ವರ್ಷಕ್ಕೆ ಮೂವತ್ತು ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಎಣಿಸುವ ಸರ್ಕಾರ, ಅದರಲ್ಲಿ ಒಂದು ಚೂರನ್ನು ಪ್ರತಿ ತಾಲ್ಲೂಕಿನಲ್ಲಿ ಹತ್ತು ಹಾಸಿಗೆಯ ವ್ಯಸನ ಚಿಕಿತ್ಸಾ ವಾರ್ಡಿಗೆ ತೆಗೆದಿಡಲು ಏನು ಅಡ್ಡಿ ಎಂಬುದು ನನಗೆ ಇಂದಿಗೂ ಬಗೆಹರಿಯದ ಪ್ರಶ್ನೆ.

ಲಿವರಿನ ಕಥೆ ಸಾಮಾನ್ಯವಾಗಿ ಗೊತ್ತಿರುವುದೇ, ಬೇಗ ಮುಗಿಸುತ್ತೇನೆ. ಮೊದಲು ಕೊಬ್ಬು ತುಂಬಿಕೊಳ್ಳುತ್ತದೆ, ಈ ಹಂತದಲ್ಲಿ ನೋವಿರುವುದಿಲ್ಲ, ಬಿಟ್ಟರೆ ಕೆಲವೇ ವಾರಗಳಲ್ಲಿ ಸರಿಹೋಗುತ್ತದೆ. ಆಮೇಲೆ ಉರಿಯೂತ, ಕಾಮಾಲೆ. ಕೊನೆಗೆ ಸಿರೋಸಿಸ್: ಮೆತ್ತಗಿದ್ದ ಅಂಗ ಗಂಟುಗಂಟಾಗಿ ಗಡುಸಾಗುತ್ತದೆ. ಹೊಟ್ಟೆಯಲ್ಲಿ ನೀರು ತುಂಬುತ್ತದೆ, ಅನ್ನನಾಳದ ರಕ್ತನಾಳಗಳು ಉಬ್ಬಿ ಒಡೆದು ರಕ್ತ ವಾಂತಿಯಾಗುತ್ತದೆ. ಹೆಂಗಸರ ದೇಹದಲ್ಲಿ ನೀರಿನ ಪಾಲು ಕಡಿಮೆಯಿರುವುದರಿಂದ ಇದೆಲ್ಲ ಕಡಿಮೆ ಪ್ರಮಾಣಕ್ಕೆ, ಕಡಿಮೆ ವರ್ಷಗಳಲ್ಲಿ ಆಗುತ್ತದೆ. ಕ್ಯಾನ್ಸರಿನ ವಿಷಯದಲ್ಲಿ ಮಾತ್ರ ಸ್ವಲ್ಪ ನಿಲ್ಲಬೇಕು. ಮದ್ಯವನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ನಮ್ಮ ಭಾಗದಲ್ಲಿ ಕುಡಿಯುವ ಬಾಯಲ್ಲೇ ಗುಟ್ಕಾ ಇರುತ್ತದೆ. ರಾಜ್ಯದಲ್ಲಿ ಗುಟ್ಕಾ ನಿಷೇಧವಾಗಿದ್ದು 2013ರಲ್ಲಿ. ಈಗ ಪಾನ್ ಮಸಾಲೆ, ತಂಬಾಕು ಬೇರೆ ಬೇರೆ ಪೊಟ್ಟಣದಲ್ಲಿ ಮಾರಿ ಗಿರಾಕಿಯ ಕೈಯಲ್ಲೇ ಬೆರೆಸುತ್ತಾರೆ. ಮದ್ಯ ಮತ್ತು ತಂಬಾಕು ಕೂಡಿದರೆ ಬಾಯಿ, ಗಂಟಲಿನ ಕ್ಯಾನ್ಸರಿನ ಅಪಾಯ ಎರಡರ ಮೊತ್ತಕ್ಕೂ ಮೀರಿ ಬೆಳೆಯುತ್ತದೆ. ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆಯ ಅಂಗಳದಲ್ಲಿ ಅರ್ಧ ದಿನ ಕುಳಿತವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಕುಡಿತಕ್ಕೆ ಬಲಿಯಾಗುವ ಇನ್ನೊಂದು ಅಂಗದ ಬಗ್ಗೆ ಮಾತು ಬರುವುದೇ ಇಲ್ಲ. ಅದು ನೆನಪು. ಥಯಾಮಿನ್ ಅಥವಾ ಬಿ1 ಎಂಬ ವಿಟಮಿನ್ ಇಲ್ಲದೆ ಮಿದುಳು ಸಕ್ಕರೆಯನ್ನು ಶಕ್ತಿಯಾಗಿ ಬಳಸಲಾರದು. ದಿನವೂ ಕುಡಿಯುವವನು ರೊಟ್ಟಿ ಪಲ್ಯ ಬಿಟ್ಟು ಶೇಂಗಾ, ಮಿರ್ಚಿಯ ಮೇಲೆ ದಿನ ದೂಡುತ್ತಾನೆ. ತಿಂದದ್ದರಲ್ಲಿರುವ ಥಯಾಮಿನ್ನನ್ನೂ ಮದ್ಯ ಕರುಳಿನಿಂದ ಒಳಗೆ ಬಿಡುವುದಿಲ್ಲ. ಕೊರತೆ ತೀವ್ರವಾದಾಗ ಗೊಂದಲ, ಕಣ್ಣುಗುಡ್ಡೆಗಳ ವಿಚಿತ್ರ ಚಲನೆ, ಕಾಲಗಲಿಸಿ ತೂರಾಡುವ ನಡಿಗೆ ಕಾಣಿಸಿಕೊಳ್ಳುತ್ತವೆ. ಇದಕ್ಕೆ ವರ್ನಿಕೆ ಎಂಬ ವೈದ್ಯನ ಹೆಸರಿದೆ. ಕೂಡಲೇ ಥಯಾಮಿನ್ ಚುಚ್ಚುಮದ್ದು ಸಿಗದಿದ್ದರೆ ಅದು ಕೊರ್ಸಕಾಫ್ ಎಂಬ ಸ್ಥಿತಿಗೆ ಹೊರಳುತ್ತದೆ: ಹಳೆಯದು ನೆನಪಿರುತ್ತದೆ, ಹೊಸದು ನಿಲ್ಲುವುದಿಲ್ಲ. ಬೆಳಿಗ್ಗೆ ಏನು ಉಂಡೆ ಎಂದು ಕೇಳಿದರೆ ಇಲ್ಲದ್ದನ್ನು ಸಲೀಸಾಗಿ ಹೆಣೆದು ಹೇಳುತ್ತಾನೆ. ಸುಳ್ಳು ಹೇಳುವ ಉದ್ದೇಶವಿಲ್ಲ. ನೆನಪಿನಲ್ಲಿ ಬಿದ್ದ ಹಳ್ಳವನ್ನು ಮಿದುಳೇ ತುಂಬಿಕೊಳ್ಳುತ್ತಿರುತ್ತದೆ.

ಇಲ್ಲಿ ನಮ್ಮ ಊರುಗಳ ಒಂದು ರೂಢಿ ಅಪಾಯಕಾರಿಯಾಗುತ್ತದೆ. ನಿತ್ರಾಣವಾಗಿ ಬಿದ್ದ ಕುಡುಕನಿಗೆ ಊರಿನ ದವಾಖಾನೆಯಲ್ಲಿ ಮೊದಲು ಮಾಡುವ ಕೆಲಸವೇ ಒಂದು ಗ್ಲುಕೋಸ್ ಬಾಟಲಿ ಏರಿಸುವುದು. ಮನೆಯವರೂ ಅದನ್ನೇ ಕೇಳುತ್ತಾರೆ. ಥಯಾಮಿನ್ ಬರಿದಾದ ದೇಹಕ್ಕೆ ಬರೀ ಗ್ಲುಕೋಸ್ ಹರಿಸಿದರೆ ಉಳಿದ ಚೂರುಪಾರು ಥಯಾಮಿನ್ ಕೂಡ ಖರ್ಚಾಗಿ, ಆಗ ತಾನೇ ಅಂಚಿನಲ್ಲಿದ್ದವನು ವರ್ನಿಕೆಗೆ ಜಾರಬಹುದು. ಮೊದಲು ಥಯಾಮಿನ್, ಇಲ್ಲವೇ ಎರಡೂ ಒಟ್ಟಿಗೆ ಎಂಬುದು ವೈದ್ಯಕೀಯದ ಹಳೆಯ ಪಾಠ. ರಕ್ತದ ಸಕ್ಕರೆ ಕುಸಿದಿದ್ದರೆ ಗ್ಲುಕೋಸ್ ತಡೆಯುವಂತಿಲ್ಲ, ಅದು ಬೇರೆ ಮಾತು. ಬಾಟಲಿ ಏರಿಸುವ ಮುನ್ನ ಇವನು ದಿನವೂ ಕುಡಿಯುತ್ತಾನೆ, ಬಿ1 ಕೊಡುತ್ತೀರಾ ಎಂದು ಕೇಳಿದರೆ ಯಾವ ವೈದ್ಯರೂ ಸಿಟ್ಟಾಗಬಾರದು.

ಇದಕ್ಕಿಂತ ಕೆಟ್ಟ ರೂಢಿ ಗುಟ್ಟಾಗಿ ಔಷಧಿ ಬೆರೆಸುವುದು. ಅವರಿಗೆ ತಿಳಿಯದಂತೆ ಸಾರಿನಲ್ಲಿ ಹಾಕಿ ಕೊಡಿ, ಹದಿನೈದು ದಿನದಲ್ಲಿ ಕುಡಿತ ಬಿಡುತ್ತಾರೆ ಎಂಬ ಚೀಟಿಗಳನ್ನು ಬಸ್ ನಿಲ್ದಾಣದ ಕಂಬಗಳ ಮೇಲೆ ನೀವೂ ನೋಡಿರುತ್ತೀರಿ. ಅಂಥ ಪುಡಿಯಲ್ಲಿ ಏನಿದೆ ಎಂದು ಕೊಂಡವರಿಗೆ ತಿಳಿಯುವುದಿಲ್ಲ. ಕೆಲವರು ಡೈಸಲ್ಫಿರಾಂ ಮಾತ್ರೆಯನ್ನೇ ಪುಡಿ ಮಾಡಿ ಹಾಕುತ್ತಾರೆ. ಈ ರಾಸಾಯನಿಕದ ಕಥೆ ಸ್ವಾರಸ್ಯಕರ. ರಬ್ಬರ್ ಹದಮಾಡುವ ಕಾರ್ಖಾನೆಗಳಲ್ಲಿ ಇದನ್ನು ಬಳಸುತ್ತಿದ್ದರು. ಅಲ್ಲಿನ ಕಾರ್ಮಿಕರು ಸ್ವಲ್ಪ ಕುಡಿದರೂ ಮುಖ ಕೆಂಪೇರಿ ಒದ್ದಾಡುವುದು 1930ರ ದಶಕದಲ್ಲಿ ಗಮನಕ್ಕೆ ಬಂತು. 1940ರ ದಶಕದ ಕೊನೆಗೆ ಡೆನ್ಮಾರ್ಕಿನಲ್ಲಿ ಅದು ಕುಡಿತಕ್ಕೆ ಔಷಧಿಯಾಯಿತು. ಮದ್ಯ ಲಿವರಿನಲ್ಲಿ ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷವಾಗಿ, ಆಮೇಲೆ ನಿರುಪದ್ರವಿ ವಸ್ತುವಾಗಿ ಬದಲಾಗುತ್ತದೆ. ಡೈಸಲ್ಫಿರಾಂ ಈ ಎರಡನೆಯ ಹೆಜ್ಜೆಯನ್ನು ತಡೆಯುತ್ತದೆ. ವಿಷ ಅಲ್ಲಿಯೇ ಶೇಖರವಾಗಿ ತಲೆ ಸಿಡಿಯುತ್ತದೆ, ವಾಂತಿಯಾಗುತ್ತದೆ, ಎದೆ ಬಡಿದುಕೊಂಡು ರಕ್ತದೊತ್ತಡ ಕುಸಿಯುತ್ತದೆ. ತಾನು ಈ ಮಾತ್ರೆ ನುಂಗಿದ್ದೇನೆ, ಕುಡಿದರೆ ಹೀಗಾಗುತ್ತದೆ ಎಂಬ ಅರಿವಿನಿಂದ ಹೆದರಿ ದೂರ ಉಳಿಯುವುದೇ ಇದರ ಚಿಕಿತ್ಸೆ. ಆ ಅರಿವಿಲ್ಲದವನು ಎಂದಿನಂತೆ ಬಾರಿಗೆ ಹೋಗಿ ಕ್ವಾರ್ಟರ್ ಏರಿಸಿದರೆ, ಅದೂ ಹೃದಯದ ಕಾಯಿಲೆ ಇದ್ದವನಾದರೆ, ಜೀವವೇ ಹೋಗಬಹುದು. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರಗಳವರೆಗೆ ಅದರ ಪ್ರಭಾವ ಉಳಿದಿರುತ್ತದೆ. ಹೆಂಡತಿ ಒಳ್ಳೆಯದಕ್ಕೆಂದು ಮಾಡಿದ್ದು ಅವಳ ತಲೆಗೇ ಬರುತ್ತದೆ.

ಈಗ ಉಳಿದ ಅಮಲುಗಳು. ಟ್ರಮಾಡಾಲ್, ಕೊಡೀನ್ ಇರುವ ಕೆಮ್ಮಿನ ಸಿರಪ್, ಹೆರಾಯಿನ್ ಇವೆಲ್ಲ ಅಫೀಮಿನ ಬಳಗ. ನೋವಿನ ಮಾತ್ರೆಯಾಗಿದ್ದ ಟ್ರಮಾಡಾಲನ್ನು 2018ರಲ್ಲಿ ಮಾದಕವಸ್ತು ಕಾಯ್ದೆಯಡಿ ತರಲಾಯಿತು. ಇದರ ಲೆಕ್ಕ ಮದ್ಯಕ್ಕಿಂತ ತಿರುವುಮುರುವು. ಬಿಟ್ಟಾಗ ಮೈಯೆಲ್ಲ ನೋವು, ಭೇದಿ, ಮೂಗು ಕಣ್ಣಲ್ಲಿ ನೀರು, ರೋಮಾಂಚನ, ನಿದ್ದೆಯಿಲ್ಲದ ರಾತ್ರಿಗಳು; ಸಾಯುತ್ತೇನೆ ಅನ್ನಿಸುತ್ತದೆ, ಆದರೆ ಸಾಯುವುದು ಅಪರೂಪ. ಸಾವು ಕಾದಿರುವುದು ಬಿಟ್ಟು ಮತ್ತೆ ಹಿಡಿದ ದಿನ. ಒಂದು ತಿಂಗಳು ವ್ಯಸನಮುಕ್ತಿ ಕೇಂದ್ರದಲ್ಲೋ ಜೈಲಿನಲ್ಲೋ ಇದ್ದು ಹೊರಬಂದವನ ದೇಹ ಹಳೆಯ ತಾಳಿಕೆಯನ್ನು ಕಳೆದುಕೊಂಡಿರುತ್ತದೆ. ಮನಸ್ಸು ಮಾತ್ರ ಹಳೆಯ ಪ್ರಮಾಣವನ್ನೇ ನೆನಪಿಟ್ಟುಕೊಂಡಿರುತ್ತದೆ. ಅಷ್ಟನ್ನೇ ತೆಗೆದುಕೊಂಡರೆ ಉಸಿರಾಟ ನಿಧಾನವಾಗುತ್ತ ನಿಂತೇಹೋಗುತ್ತದೆ. ಜೊತೆಗೆ ಮದ್ಯವೋ ನಿದ್ದೆ ಮಾತ್ರೆಯೋ ಸೇರಿದ್ದರೆ ಇನ್ನೂ ಬೇಗ. ಸೂಜಿ ಹಂಚಿಕೊಳ್ಳುವವರಿಗೆ ಎಚ್‌ಐವಿ, ಹೆಪಟೈಟಿಸ್ ಸಿ ಬರುವುದು ಬೇರೆ. ನಿದ್ದೆ ಮಾತ್ರೆಗಳದೇ ಚಟವಾದರೆ ಅದು ಮತ್ತೆ ಮದ್ಯದ ಸಾಲಿಗೇ ಸೇರುತ್ತದೆ; ಅಲ್ಪ್ರಜೋಲಾಮ್ ವರ್ಷಗಟ್ಟಲೆ ನುಂಗಿದವನು ಒಂದೇ ದಿನಕ್ಕೆ ಬಿಟ್ಟರೆ ಫಿಟ್ಸ್ ಬರಬಹುದು.

ಗಾಂಜಾ ಬಗ್ಗೆ ಧಾರವಾಡದ ಹುಡುಗರೊಂದಿಗೆ ಮಾತನಾಡಿದರೆ ಎರಡು ವಾದ ಕೇಳಿಬರುತ್ತವೆ: ಇದು ಗಿಡಮೂಲಿಕೆ, ಮತ್ತು ಇದರಿಂದ ಯಾರೂ ಸತ್ತಿಲ್ಲ. ದತ್ತೂರಿಯೂ ಗಿಡಮೂಲಿಕೆಯೇ ಎಂದು ಬಿಡಬಹುದು. ಎರಡನೆಯದರಲ್ಲಿ ಸ್ವಲ್ಪ ಸತ್ಯವಿದೆ, ಗಾಂಜಾ ಹೆಚ್ಚಾಗಿ ಉಸಿರು ನಿಂತು ಸಾಯುವ ಸಂದರ್ಭ ಇಲ್ಲವೆಂಬಷ್ಟು ಅಪರೂಪ. ಅದರ ಅಪಾಯ ಗಳಿಗೆಯದಲ್ಲ, ವಯಸ್ಸಿನದು. ಮಿದುಳು ಇಪ್ಪತ್ತರ ದಶಕದ ನಡುವಿನವರೆಗೂ ಬೆಳೆಯುತ್ತಿರುತ್ತದೆ. ಹದಿನಾರು ಹದಿನೇಳಕ್ಕೆ ದಿನವೂ ಸೇದಲು ಹಿಡಿದವರಲ್ಲಿ, ಅದರಲ್ಲೂ ಮನೆತನದಲ್ಲಿ ಮಾನಸಿಕ ಕಾಯಿಲೆಯಿದ್ದರೆ, ಸಂಶಯ, ಕಿವಿಯಲ್ಲಿ ಧ್ವನಿ ಕೇಳುವ ತೀವ್ರ ಮಾನಸಿಕ ರೋಗ ಕಾಣಿಸಿಕೊಳ್ಳುವ ಸಾಧ್ಯತೆ ಹೆಚ್ಚುತ್ತದೆ. ಸಪ್ತಾಪುರದ ಕೋಣೆಗಳಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಒತ್ತಡ ಇಳಿಯಲಿ ಎಂದು ಸೇದಿದರೆ ಮೊದಲು ಕೈಕೊಡುವುದು ಓದಿದ್ದನ್ನು ಹಿಡಿದಿಡುವ ಶಕ್ತಿಯೇ. ಪಂಕ್ಚರ್ ಸೊಲ್ಯೂಷನ್, ವೈಟ್‌ನರ್ ಮೂಸುವುದು ಇದಕ್ಕಿಂತ ಭಯಂಕರ, ಮತ್ತು ಅದು ಮಕ್ಕಳ ಅಮಲು. ಅದರಲ್ಲಿ ಅಪಾಯಕ್ಕೆ ಗಳಿಗೆಯೇ ಇಲ್ಲ. ಅದರ ಆವಿ ಹೃದಯದ ಲಯವನ್ನು ಕೆಡಿಸುವುದರಿಂದ ಮೊದಲ ಸಲ ಮೂಸಿದ ಮಗುವೂ ಕುಸಿದು ಬೀಳಬಹುದು. ಕೈಯಲ್ಲಿ ಚೀಲ ಹಿಡಿದ ಹುಡುಗನನ್ನು ಕಂಡು ಬೆದರಿಸಿ ಓಡಿಸಿದರೆ, ಗಾಬರಿಗೆ ಉಕ್ಕುವ ಅಡ್ರಿನಾಲಿನ್ ಆ ಅಪಾಯವನ್ನು ಇನ್ನೂ ಹೆಚ್ಚಿಸುತ್ತದೆ. ಬಳಿ ಹೋಗಿ ಮೆಲ್ಲಗೆ ಮಾತನಾಡಿಸಬೇಕು.

ಇಷ್ಟೆಲ್ಲ ಇದ್ದರೂ ಚಿಕಿತ್ಸೆ ಪಡೆಯುವವರು ಎಷ್ಟು? ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮದ್ಯವ್ಯಸನಕ್ಕೆ ಸಿಲುಕಿದ 38 ಜನರಲ್ಲಿ ಯಾವುದಾದರೂ ಬಗೆಯ ಚಿಕಿತ್ಸೆ ಸಿಕ್ಕಿದ್ದು ಒಬ್ಬರಿಗೆ. ಉಳಿದ 37 ಮಂದಿಗೆ ಬೈಗುಳ, ಆಣೆ, ಪುಡಿ. ಚಿಕಿತ್ಸೆ ಎಂದರೆ ಏನೆಂದು ತಿಳಿಯದಿರುವುದೂ ಇದಕ್ಕೆ ಕಾರಣ. ಮೊದಲ ಏಳೆಂಟು ದಿನ ವಿಷ ಇಳಿಸುವುದು, ಅಂದರೆ ನಡುಕ, ಫಿಟ್ಸ್ ಬಾರದಂತೆ ಔಷಧಿಯ ನೆರಳಿನಲ್ಲಿ ಬಿಡಿಸುವುದು. ಬಹಳ ಮಂದಿ ಇದನ್ನೇ ಪೂರ್ತಿ ಚಿಕಿತ್ಸೆ ಎಂದುಕೊಂಡು ಮನೆಗೆ ಹೋಗುತ್ತಾರೆ, ತಿಂಗಳೊಳಗೆ ಮರಳಿ ಬರುತ್ತಾರೆ. ನಿಜವಾದ ಕೆಲಸ ಆಮೇಲಿನದು: ಆಸೆಯನ್ನು ತಗ್ಗಿಸುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್‌ನಂತಹ ಮಾತ್ರೆಗಳು, ಆಪ್ತ ಸಮಾಲೋಚನೆ, ಅಫೀಮಿನ ಬಳಗದ ಚಟಕ್ಕೆ ಬುಪ್ರೆನಾರ್ಫಿನ್. ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ. ಸಕ್ಕರೆ ಕಾಯಿಲೆಯವನು ಜಾತ್ರೆಯಲ್ಲಿ ಮಾದಲಿ ತಿಂದು ಸಕ್ಕರೆ ಏರಿಸಿಕೊಂಡರೆ ಯಾರೂ ಅವನನ್ನು ಮನೆಯಿಂದ ಹೊರಗೆ ಹಾಕುವುದಿಲ್ಲ, ಔಷಧಿ ಬದಲಿಸುತ್ತಾರೆ. ಕುಡಿತ ಮರುಕಳಿಸಿದರೂ ಮಾಡಬೇಕಾದದ್ದು ಅಷ್ಟೇ. ಎಂಟು ಹತ್ತು ದಿನಗಳ ಮದ್ಯವರ್ಜನ ಶಿಬಿರಗಳು ಹಲವರಿಗೆ ಜೊತೆಗಾರರನ್ನು, ಮತ್ತೆ ತಲೆಯೆತ್ತುವ ಧೈರ್ಯವನ್ನು ಕೊಟ್ಟಿವೆ. ಆದರೆ ಬೆಳಿಗ್ಗೆಯೇ ಕುಡಿಯುವ ಹಂತ ಮುಟ್ಟಿದವನು ಶಿಬಿರಕ್ಕೆ ಸೇರುವ ಮುನ್ನ ವೈದ್ಯರ ಕಣ್ಣಿಗೆ ಬೀಳಬೇಕು.

ಖಾಸಗಿ ವ್ಯಸನಮುಕ್ತಿ ಕೇಂದ್ರಕ್ಕೆ ಸೇರಿಸುವುದಾದರೆ ನೋಂದಣಿ ಪತ್ರ ಕೇಳಿ ನೋಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯ, ಮಾದಕವಸ್ತುಗಳಿಂದ ಬರುವ ಮಾನಸಿಕ ಸ್ಥಿತಿಗಳನ್ನೂ ಕಾಯಿಲೆಯೆಂದೇ ಪರಿಗಣಿಸುತ್ತದೆ. ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದನ್ನು ನಿಷೇಧಿಸಿದೆ. ಹೊಡೆದು ಬಿಡಿಸುತ್ತೇವೆ ಎನ್ನುವ ಕಡೆಗೆ ಕಾಲಿಡಬೇಡಿ. ಪೊಲೀಸರ ಭಯದಿಂದ ಮಗನನ್ನು ಮನೆಯಲ್ಲೇ ಬಚ್ಚಿಡುವ ತಂದೆತಾಯಿಗಳಿಗೆ ಇನ್ನೊಂದು ಮಾತು: 1985ರ ಮಾದಕವಸ್ತು ಕಾಯ್ದೆಯ 64ಎ ಕಲಮು, ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿ ತಾನಾಗಿಯೇ ಸರ್ಕಾರದ ಅಥವಾ ಸರ್ಕಾರ ಮಾನ್ಯ ಮಾಡಿದ ಕಡೆ ಚಿಕಿತ್ಸೆಗೆ ಬಂದು ಅದನ್ನು ಪೂರ್ತಿಗೊಳಿಸಿದರೆ ವಿಚಾರಣೆಯಿಂದ ರಕ್ಷಣೆ ಕೊಡುತ್ತದೆ.

ಹೋಗುವುದೆಲ್ಲಿಗೆ? ಧಾರವಾಡದ ಸರ್ಕಾರಿ ಮಾನಸಿಕ ಆಸ್ಪತ್ರೆಯಾದ ಡಿಮ್ಹಾನ್ಸ್ ಬ್ರಿಟಿಷರ ಕಾಲದಲ್ಲಿ ಹುಚ್ಚರ ಆಸ್ಪತ್ರೆಯಾಗಿ ಆರಂಭವಾದ ಸಂಸ್ಥೆ. ಆ ಹಳೆಯ ಹೆಸರಿನ ನೆರಳಿಗೆ ಹೆದರಿ ಈಗಲೂ ಎಷ್ಟೋ ಮಂದಿ ಅದರ ಗೇಟು ದಾಟುವುದಿಲ್ಲ. ಈ ಭಾಗದ ಸರ್ಕಾರಿ ಆಸ್ಪತ್ರೆಗಳಲ್ಲಿ ಇದಕ್ಕೇ ಮೀಸಲಾದ ಅನುಭವ ಅಲ್ಲಿದೆ. ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಜನ ಇಂದಿಗೂ ಕಿಮ್ಸ್ ಎಂದೇ ಕರೆಯುವ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ, ಗದಗಿನ ಜಿಮ್ಸ್, ಹಾವೇರಿಯ ಹಿಮ್ಸ್ ಇವೆ. ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಿಗೂ ಬರುತ್ತಾರೆ. ನಿಮ್ಮ ತಾಲ್ಲೂಕಿನ ಸರದಿ ಯಾವ ವಾರವೆಂದು ಅಲ್ಲಿಯೇ ವಿಚಾರಿಸಿಕೊಳ್ಳಿ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416, ವ್ಯಸನಮುಕ್ತಿ ಸಹಾಯವಾಣಿ 14446, ಎರಡಕ್ಕೂ ಹಣ ಬೀಳುವುದಿಲ್ಲ. ಕರೆ ಮಾಡುವ ಮುನ್ನ ನಾಲ್ಕು ಉತ್ತರ ಬರೆದಿಟ್ಟುಕೊಳ್ಳಿ: ಎಷ್ಟು ವರ್ಷದಿಂದ, ದಿನಕ್ಕೆ ಎಷ್ಟು, ಕೊನೆಯ ಗುಟುಕು ಯಾವ ದಿನ ಎಷ್ಟು ಗಂಟೆಗೆ, ಹಿಂದೆ ಬಿಟ್ಟಾಗ ಫಿಟ್ಸ್ ಅಥವಾ ಭ್ರಮೆ ಬಂದಿತ್ತೇ. ಕೊನೆಯದಕ್ಕೆ ಹೌದು ಎಂಬ ಉತ್ತರವಿದ್ದು, ಆತ ನಿನ್ನೆಯೋ ಮೊನ್ನೆಯೋ ಬಿಟ್ಟಿದ್ದರೆ, ಸಹಾಯವಾಣಿಯನ್ನೂ ಮಂಗಳವಾರವನ್ನೂ ಕಾಯದೆ 108ಕ್ಕೆ ಕರೆ ಮಾಡಿ.